ಕಾಲಿಗೊಂದು ನೆಲೆ

ಮನುಷ್ಯನಿಗೆ ನಿಲ್ಲಲು ಎಷ್ಟು ನೆಲ ಬೇಕು? ವಾಮನಮೂರ್ತಿಯು ಮೂರು ಹೆಜ್ಜೆ ಕೇಳಿದ. ಕಡಲಿನ ಅಲೆಯನ್ನೇರಿ ಸರ್ಫಿಂಗ್ ಆಡುವವರಿಗೆ ಒಂದು ಅಡಿ ಅಗಲದ ಮೆತ್ತೆ ಸಾಕು. ಹಲಗೆಯ ಬಾಲದ ಕಡೆ, ಹಿಂದಿನ ಪಾದ ಊರುವಲ್ಲಿ ಅಂಟಿಸುವ ಆ ಮೆತ್ತೆಗೆ ಟ್ರ್ಯಾಕ್ಷನ್ ಪ್ಯಾಡ್ ಎಂದು ಹೆಸರು. ಹಳಗನ್ನಡದ ಪಾಠ ಹೇಳುವ ಮೇಷ್ಟ್ರಿಗೂ ಇದಕ್ಕೂ ಏನು ನಂಟು ಎಂದು ಓದುಗರು ಕೇಳಿಯಾರು. ನಂಟು ಅಕ್ಕನ ಮಗಳ ಕಡೆಯಿಂದ ಬಂದದ್ದು.

ಅಕ್ಕನ ಮನೆ ಮೂಲ್ಕಿಯಲ್ಲಿ. ಅಲ್ಲಿ 2004ರಲ್ಲಿಯೇ ಮಂತ್ರ ಸರ್ಫ್ ಕ್ಲಬ್ಬು ಹುಟ್ಟಿತು. 2016ರಲ್ಲಿ ಸಮೀಪದ ಸಸಿಹಿತ್ಲಿನಲ್ಲಿ, ನಂದಿನಿ ಶಾಂಭವಿಯರು ಕಡಲು ಸೇರುವೆಡೆ, ಇಂಡಿಯನ್ ಓಪನ್ ಪಂದ್ಯ ನಡೆಯಿತು. ಹದಿನೇಳರ ಹುಡುಗಿ ಅಲೆಗೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ. ಅಕ್ಕನಿಗೆ ಮಾತ್ರ ಅದು ಸೇರದು. ಹೋದ ದೋಣಿ ಹೊತ್ತಿಗೆ ಬಾರದೆ ಕೇರಿಗೆ ಕೇರಿಯೇ ದಡದಲ್ಲಿ ನಿಂತದ್ದನ್ನು ಕಂಡವಳು ಅವಳು. ಮಗಳು ಉದ್ದದ ಹಲಗೆ ಬಿಟ್ಟು ಮೂರು ಫಿನ್ನಿನ ಗಿಡ್ಡ ಹಲಗೆಗೆ ಬಂದಾಗ ನನ್ನನ್ನು ಕರೆದು, “ತಮ್ಮಾ, ಕಾಲು ಜಾರದ ಹಾಗೆ ಏನಾದರೂ ನೋಡಿ ತಂದುಕೊಡು. ಇಲ್ಲವಾದರೆ ಈ ಆಟ ಇಲ್ಲಿಗೆ ಸಾಕು” ಎಂದಳು.

ಜಾರದಿರಲು ಹಲಗೆಗೆ ಮೇಣ ತಿಕ್ಕುವುದು ಹಳೆಯ ಪದ್ಧತಿ. ಮುಂದಿನ ಪಾದಕ್ಕೆ ಇಂದಿಗೂ ಹೆಚ್ಚಿನವರು ಅದನ್ನೇ ನಂಬುತ್ತಾರೆ. ಆದರೆ ನಮ್ಮ ಕರಾವಳಿಯ ಬಿಸಿಲಿಗೆ ಮೇಣ ಬೆಣ್ಣೆಯಂತೆ ಕರಗುತ್ತದೆ. ಕ್ಯಾಲಿಫೋರ್ನಿಯದ ಹರ್ಬಿ ಫ್ಲೆಚರ್ 1970ರ ದಶಕದಲ್ಲಿ ಮೆತ್ತೆಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. 1981ರಲ್ಲಿ ಆಸ್ಟ್ರೇಲಿಯದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಹಲಗೆಯ ಮೇಲೆ ಬೆಲ್ಸ್ ಬೀಚಿನ ಪಂದ್ಯವನ್ನು ಗೆದ್ದ ಮೇಲೆ ಆ ಬಗೆಯ ಹಲಗೆ ಲೋಕಪ್ರಿಯವಾಯಿತು. ಅದನ್ನು ತಿರುಗಿಸಬೇಕಾದರೆ ಹಿಂದಿನ ಪಾದ ಫಿನ್ನುಗಳ ಮೇಲೆಯೇ ಒತ್ತಬೇಕು. ಅಲೆಯ ಮೇಲೆ ನಿಂತವರಿಗೆ ಬಗ್ಗಿ ನೋಡುವ ಬಿಡುವಿಲ್ಲ, ಕಾಲಿಗಂತೂ ಕಣ್ಣಿಲ್ಲ. ಮೆತ್ತೆಯ ಹಿಂಬದಿಯಲ್ಲಿ ಎದ್ದಿರುವ ಏರು ತಗುಲಿದೊಡನೆ, ಇದೇ ಕೊನೆ, ಇದರಾಚೆ ನೀರು ಎಂಬುದು ಪಾದಕ್ಕೆ ತಾನಾಗಿ ತಿಳಿಯುತ್ತದೆ.

ಹುಡುಗಿ ಬಣ್ಣ ನೋಡಿ ಒಂದನ್ನು ಆರಿಸಿಟ್ಟಿದ್ದಳು. “ಮಾವ, ದೊಡ್ಡ ಆಟಗಾರರ ಹೆಸರಿನದು ಇದು” ಎಂದಳು. ಕಡಿದಾದ ಏರು, ನಡುವೆ ಎತ್ತರದ ದಿಂಡು. ಆ ದಿಂಡು ಇರುವುದು ಅಂಗಾಲಿನ ಕಮಾನಿನೊಳಗೆ ಕೂರಲು. ನಾವು ಮಾತನಾಡುತ್ತಿದ್ದಾಗ ಅಕ್ಕ ಒಳಗಿನಿಂದ ತಂಬಿಗೆ ನೀರು ತಂದು ಮಗಳ ಕಾಲಿಗೆ ಸುರಿದು, “ನೆಲದ ಮೇಲೆ ನಾಲ್ಕು ಹೆಜ್ಜೆ ಇಡು” ಎಂದಳು. ಕೆಂಪು ಸಿಮೆಂಟಿನ ಮೇಲೆ ಪಾದ ಪೂರ್ತಿಯಾಗಿ ಮೂಡಿತು; ನಡುವೆ ಒಣಗಿದ ಜಾಗವೇ ಇಲ್ಲ. “ನಮ್ಮ ತಾಯಿಯದೂ ಇಂಥದೇ ಚಪ್ಪಟೆ ಪಾದ. ಎತ್ತರದ ಚಪ್ಪಲಿ ಹಾಕಿದ ದಿನ ರಾತ್ರಿಯೆಲ್ಲ ನೋವು. ಇವಳ ಕಾಲಿಗೆ ಆ ದಿಂಡು ಒತ್ತುವುದಿಲ್ಲವೆ?”

ಆ ಆಟವನ್ನೇ ಒಲ್ಲದ ತಾಯಿಯು ಮಗಳ ಪಾದವನ್ನು ನಮ್ಮಿಬ್ಬರಿಗಿಂತ ಚೆನ್ನಾಗಿ ಬಲ್ಲಳು. ನಡು ಸಮತಟ್ಟಾಗಿರುವ, ಏರು ಅತಿ ಕಡಿದಲ್ಲದ, ಮೂರು ತುಂಡಿನ ಮೆತ್ತೆಯನ್ನು ತರಿಸಿದೆವು. ತುಂಡುಗಳ ನಡುವೆ ತುಸು ಎಡೆ ಬಿಟ್ಟು ಬಾಲದ ಅಗಲಕ್ಕೆ ಹೊಂದಿಸಬಹುದೆಂಬುದು ಅದರ ಅನುಕೂಲ.

ಅಂಟಿಸುವ ಕೆಲಸಕ್ಕೆ ಸಹನೆ ಬೇಕು. ಹಳೆಯ ಮೇಣವನ್ನು ಚೂರೂ ಉಳಿಯದಂತೆ ಕೆರೆದು, ಸ್ಪಿರಿಟ್ಟಿನಿಂದ ಒರಸಿದೆವು. ಫಿನ್ನುಗಳಿರುವ ಎಡೆಯನ್ನು ನೋಡಿಕೊಂಡು ಪೆನ್ಸಿಲಿನಿಂದ ಗುರುತು ಹಾಕಿದೆವು. ಕಾಗದ ಸುಲಿದು ನಡುವಿನಿಂದ ಅಂಚಿನತ್ತ ಒತ್ತಿದೆವು. ಅಂಟು ಹಿಡಿಯುವವರೆಗೆ, ಅಂದರೆ 24 ಗಂಟೆ, ಹಲಗೆಯನ್ನು ನೀರಿಗಿಳಿಸಬಾರದು. ಆ ಒಂದು ದಿನ ಹುಡುಗಿಗೆ ಯುಗವಾಯಿತು.

ಸಂಜೆ ಅಕ್ಕ ಕೇಳಿದಳು: “ಇನ್ನು ಬೀಳುವುದಿಲ್ಲ ತಾನೆ?”

ಸುಳ್ಳು ಹೇಳಿದ್ದರೆ ಅವಳಿಗೆ ಆ ರಾತ್ರಿ ನಿದ್ರೆ ಬರುತ್ತಿತ್ತು. “ಬೀಳುತ್ತಾಳೆ ಅಕ್ಕ. ಈ ಮೆತ್ತೆ ಪಾದಕ್ಕೆ ಜಾಗ ತೋರಿಸುತ್ತದೆ, ಅಷ್ಟೆ. ಕಡಲನ್ನು ಅದು ತಡೆಯಲಾರದು. ಕಾಲಿಗೆ ಕಟ್ಟಿದ ಹಗ್ಗ, ಕಲಿತ ಈಜು, ಜೊತೆಗಿರುವ ಗುರು, ಇವೇ ಅವಳನ್ನು ಕಾಯಬೇಕು” ಎಂದೆ.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹಲಗೆಯ ಬಳಿ ಕುಳಿತು, ಮೆತ್ತೆಯ ಒಂದು ಮೂಲೆ ಸರಿಯಾಗಿ ಹಿಡಿದಿಲ್ಲವೆಂದು ಹೆಬ್ಬೆರಳಿನಿಂದ ಒತ್ತತೊಡಗಿದಳು. ಹೋಗು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಗಳು ಅದನ್ನು ಕೇಳಲೂ ಇಲ್ಲ.