ಎರಡು ಬೆರಳು ಕೆಳಗೆ

"ಉಮ್ಮಾ, ಒಮ್ಮೆ ಹೊರಗೆ ಬನ್ನಿ" ಎಂದು ಮಗ ಕರೆದಾಗ ನಾನು ಒಲೆಯ ಮುಂದೆ ಪತ್ತಿರಿ ಬೇಯಿಸುತ್ತಿದ್ದೆ. ಕೈ ಒರೆಸಿಕೊಂಡು ಅಂಗಳಕ್ಕೆ ಬಂದೆ. ನಮ್ಮ ಬಿಳಿ ಪೋಲೊ ಕಾರು ಎಂದಿನ ಜಾಗದಲ್ಲೇ ನಿಂತಿತ್ತು. ಆದರೆ ಏನೋ ವ್ಯತ್ಯಾಸ. ಬೆಕ್ಕು ಇಲಿಯನ್ನು ಕಂಡಾಗ ನೆಲಕ್ಕೆ ಅಂಟಿ ಕೂರುತ್ತದಲ್ಲ, ಹಾಗೆ ಕಂಡಿತು.

"ಟೈರಿನಲ್ಲಿ ಗಾಳಿ ಇಲ್ಲವಾ?" ಎಂದೆ. ಅವನ ಮುಖ ಸಣ್ಣದಾಯಿತು.

ಆ ಕಾರನ್ನು ನಾವು 2022ರ ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೆವು. ಆ ವರ್ಷವೇ ಪೋಲೊ ನಮ್ಮ ದೇಶದಲ್ಲಿ ನಿಂತುಹೋಗಿತ್ತು. ಇದು ಅದರಲ್ಲೇ ಜಿ.ಟಿ. ಟಿ.ಎಸ್.ಐ. ಎಂಬ ಮಾದರಿ. 1.2 ಲೀಟರಿನ ಸಣ್ಣ ಟರ್ಬೊ ಎಂಜಿನ್, ಏಳು ಗೇರಿನ ಆಟೊಮ್ಯಾಟಿಕ್. ನೋಡಲು ಸಣ್ಣದು, ಓಟದಲ್ಲಿ ಚುರುಕು. ಅರ್ಧ ಹಣ ಜುಬೈಲಿನಲ್ಲಿರುವ ನನ್ನ ಯಜಮಾನರದ್ದು, ಉಳಿದದ್ದು ನನ್ನ ಸಂಬಳದ ಉಳಿತಾಯ. ಮಗನಿಗೆ ಮಂಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಉಳಿದ ಆರು ದಿನ ಅದನ್ನು ಶಾಲೆಗೆ ಓಡಿಸಿಕೊಂಡು ಹೋಗುವವಳು ನಾನು. ಮೂವತ್ತೆಂಟನೇ ವಯಸ್ಸಿನಲ್ಲಿ ಲೈಸೆನ್ಸ್ ಪಡೆದವಳು, ಆಟೊಮ್ಯಾಟಿಕ್ ಎಂದರೆ ಧೈರ್ಯ.

"ಯಾರನ್ನು ಕೇಳಿ ಮಾಡಿದೆ?" ಎಂದು ಬಯ್ದೆ. ರಾತ್ರಿಯ ಊಟ ಮೌನದಲ್ಲೇ ಮುಗಿಯಿತು. ಮರುದಿನ ಮನಸ್ಸಿಗೆ ಬಂತು, ತರಗತಿಯಲ್ಲಿ ಪರರ ಮಕ್ಕಳು ತಪ್ಪು ಮಾಡಿದರೆ ಮೊದಲು "ಯಾಕಪ್ಪಾ?" ಎಂದು ಕೇಳುವ ನಾನು, ಸ್ವಂತ ಮಗನನ್ನು ಕೇಳಲೇ ಇಲ್ಲವಲ್ಲ ಎಂದು. ಕೇಳಿದೆ. ಅವನು ನೆಲದ ಮೇಲೆ ಕೂತು, ಟಾರ್ಚ್ ಹಾಕಿ ಎಲ್ಲ ತೋರಿಸಿದ.

ಕಾರಿನ ನಾಲ್ಕೂ ಚಕ್ರಗಳ ಮೇಲೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಅದನ್ನು ತೆಗೆದು ಗಿಡ್ಡವಾದ, ಹೆಚ್ಚು ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಕಾರು ಕೆಳಗಿಳಿಯುತ್ತದೆ. ನಮ್ಮದು 35 ಮಿಲಿಮೀಟರ್ ಇಳಿದಿತ್ತು, ಅಂದರೆ ಎರಡು ಬೆರಳು. ಮೊದಲು ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ನನ್ನ ನಾಲ್ಕು ಬೆರಳು ಹೋಗುತ್ತಿತ್ತು. ಆ ಖಾಲಿ ಜಾಗವೇ ಹುಡುಗರ ಕಣ್ಣಿಗೆ ಚುಚ್ಚುವುದಂತೆ! "ಉದ್ದ ಕಡಿಮೆಯಾದ ಪ್ಯಾಂಟು ಹಾಕಿದ ಹಾಗೆ ಕಾಣುತ್ತದೆ ಉಮ್ಮಾ" ಎಂದ. ನನಗೆ ನಗು ಬಂತು.

ಚಂದ ಒಂದೇ ಅಲ್ಲ, ತಿರುವಿನಲ್ಲಿ ಕಾರು ಹೊರಳುವುದೂ ಕಡಿಮೆ ಎಂದ. ಭಾರದ ಕೇಂದ್ರ ಕೆಳಗೆ ಬಂದಷ್ಟೂ ಕಾರು ನೆಲಕ್ಕೆ ಗಟ್ಟಿ. ಆದರೆ ಹೊರಳದಂತೆ ಹಿಡಿಯುವುದರಲ್ಲಿ ದೊಡ್ಡ ಪಾಲು ಗಟ್ಟಿ ಸ್ಪ್ರಿಂಗಿನದ್ದಂತೆ, ಎತ್ತರದ್ದಲ್ಲ. ತೀರಾ ಕೆಳಗೆ ಇಳಿಸಿದರೆ ಮುಂದಿನ ಚಕ್ರ ಹಿಡಿಯುವ ತೋಳುಗಳ ಕೋನ ಕೆಟ್ಟು, ಲಾಭಕ್ಕಿಂತ ನಷ್ಟವೇ ಹೆಚ್ಚು. ಕೆಲವರು ಹಣ ಉಳಿಸಲು ಇದ್ದ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸಿಬಿಡುತ್ತಾರೆ. ಚಕ್ರ ಗುಂಡಿಗೆ ಇಳಿದಾಗ ಅಂತಹ ಸ್ಪ್ರಿಂಗ್ ಕೂತ ಜಾಗದಿಂದ ಸರಿದರೆ ಗತಿಯೇನು? "ಅದು ಮಾತ್ರ ನಾನು ಯಾವತ್ತೂ ಮಾಡಲ್ಲ" ಎಂದ. ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಟ್ಯೂಷನ್ ಹಾಕಿಸಿದ್ದ ಹುಡುಗ ಇವನೇನಾ ಎನಿಸಿತು.

ಕಾನೂನಿನ ವಿಷಯ ನಾನು ಎತ್ತಿದೆ. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಪತ್ರಿಕೆಯಲ್ಲಿ ಓದಿದ ನೆನಪಿತ್ತು. ಆರ್.ಸಿ. ಪುಸ್ತಕದಲ್ಲಿ ಸ್ಪ್ರಿಂಗಿನ ಉದ್ದ ಬರೆದಿರುವುದಿಲ್ಲ ಎಂದು ವಾದಿಸಿದ. ಅಪಘಾತವಾದ ದಿನ ಇನ್ಶೂರೆನ್ಸಿನವರ ಮುಂದೆಯೂ ಇದೇ ವಾದ ನಿಲ್ಲುತ್ತದಾ ಎಂದು ಕೇಳಿದೆ. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ.

ಹಳೆಯ ಸ್ಪ್ರಿಂಗುಗಳನ್ನು ಮಾರಬೇಡ ಎಂದಷ್ಟೇ ಹೇಳಿ, ಗೋಣಿಯಲ್ಲಿ ಕಟ್ಟಿಸಿ ಅಟ್ಟಕ್ಕೆ ಹಾಕಿಸಿದೆ.

ಸತ್ಯ ಹೇಳಬೇಕಲ್ಲ, ಅದರ ರುಚಿ ನನಗೂ ಸಿಕ್ಕಿತು. ಚಿಕ್ಕಮಗಳೂರಿನಲ್ಲಿ ನೆಂಟರ ಮದುವೆಗೆಂದು ಚಾರ್ಮಾಡಿ ಘಾಟಿಯಲ್ಲಿ ಹೋದೆವು. ಆ ದಾರಿಯಲ್ಲಿ ಪ್ರತಿ ಸಲ ನನಗೆ ವಾಂತಿ ಬರುತ್ತಿತ್ತು. ಅಂದು ಬರಲಿಲ್ಲ. ಅರ್ಧ ದಾರಿ ನಾನೇ ಓಡಿಸಿದೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತಿತ್ತು, ಮೈ ಆಚೀಚೆ ಜೋಲಿ ಹೊಡೆಯಲಿಲ್ಲ. ಪಕ್ಕದಲ್ಲಿ ಮಗ ಏನೂ ಮಾತಾಡದೆ ಮುಗುಳ್ನಗುತ್ತಾ ಕೂತಿದ್ದ.

ಘಾಟಿ ವರ್ಷಕ್ಕೆ ಎರಡು ಸಲ. ನಮ್ಮ ಮನೆಯ ರಸ್ತೆ ದಿನಕ್ಕೆ ಎರಡು ಸಲ.

ಉಪ್ಪಿನಂಗಡಿಯ ಪೇಟೆಯಿಂದ ಒಳಗೆ ನಮ್ಮ ಮನೆಗೆ ಬರುವಷ್ಟರಲ್ಲಿ ಏಳು ಹಂಪುಗಳಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ನಿಯಮದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಎಂದಿತ್ತು. ನಮ್ಮ ಏಳರಲ್ಲಿ ಒಂದೂ ಹಾಗಿಲ್ಲ. ಅಗಲ ಒಂದು ಹೆಜ್ಜೆ, ಎತ್ತರ ಮೊಣಕಾಲಿಗೆ ಸ್ವಲ್ಪ ಕಡಿಮೆ! ಒಬ್ಬಳೇ ಇದ್ದರೆ ಓರೆಯಾಗಿ ಹತ್ತಿಸಿ ಹೇಗೋ ದಾಟಬಹುದು. ಪಕ್ಕದ ಮನೆಯ ಮೂವರು ಮಕ್ಕಳನ್ನು ಹತ್ತಿಸಿಕೊಂಡ ದಿನ ಕೆಳಗಿನಿಂದ 'ಗರ್‍ರ್' ಎಂಬ ಶಬ್ದ. ಶಾಲೆಯ ಗೇಟಿನಲ್ಲಿ ಆ ಶಬ್ದ ಕೇಳಿದರೆ ಸಾಕು, "ಟೀಚರ್ ಬಂದರು" ಎಂದು ಮಕ್ಕಳು ಸಾಲು ಸರಿ ಮಾಡಿಕೊಳ್ಳುತ್ತಿದ್ದರು. ನಾಲ್ಕು ತಿಂಗಳಲ್ಲಿ ಮುಂದಿನ ಟೈರುಗಳ ಒಳ ಅಂಚು ಸವೆದು ಬೋಳಾಯಿತು. ಕಾರು ಇಳಿದಾಗ ಚಕ್ರಗಳ ಕೋನವೂ ಬದಲಾಗುತ್ತದೆ, ಕೂಡಲೇ ಅಲೈನ್‌ಮೆಂಟ್ ಮಾಡಿಸಬೇಕಿತ್ತು. ಗ್ಯಾರೇಜಿನವನು ಹೇಳಲಿಲ್ಲ, ಇವನಿಗೂ ನೆನಪಾಗಲಿಲ್ಲ. ಎರಡು ಟೈರಿನ ಹಣ ನನ್ನ ಸಂಬಳದಿಂದ ಹೋಯಿತು.

ಇದೆಲ್ಲ ಸಹಿಸಬಹುದಿತ್ತು. 2023ರ ಜೂನಿನಲ್ಲಿ ನನ್ನ ತಾಯಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಕೀಲು ಬದಲಿಸಿದರು. ಮನೆಗೆ ಕಳಿಸುವಾಗ ಫಿಸಿಯೋಥೆರಪಿಯ ಹುಡುಗಿ ಒತ್ತಿ ಹೇಳಿದಳು: "ಕೆಲವು ವಾರ ತಗ್ಗಿನ ಆಸನದಲ್ಲಿ ಕೂರಿಸಬೇಡಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು."

ಆಸ್ಪತ್ರೆಯ ಬಾಗಿಲಿಗೆ ಮಗ ಕಾರು ತಂದು ನಿಲ್ಲಿಸಿದ. ನಾನು ಕಾರನ್ನು ನೋಡಿದೆ, ಅವನು ನನ್ನನ್ನು ನೋಡಿದ. ಆಸನದ ಮೇಲೆ ಎರಡು ದಿಂಬು ಇಟ್ಟು ಉಮ್ಮನನ್ನು ಕೂರಿಸಿದೆವು. ತಲೆ ಬಹುತೇಕ ಮೇಲ್ಛಾವಣಿಗೆ ತಾಗುತ್ತಿತ್ತು. ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬಿ.ಸಿ. ರೋಡ್ ದಾಟಿದ ಮೇಲೆ ಹೆದ್ದಾರಿ ಅಗಲಗೊಳಿಸುವ ಕಾಮಗಾರಿ, ಮಳೆನೀರು ತುಂಬಿದ ಗುಂಡಿಗಳು. ಸ್ಪ್ರಿಂಗಿಗೆ ಕುಗ್ಗಲು ಜಾಗ ಕಡಿಮೆ ಇರುವುದರಿಂದ ಪ್ರತಿ ಗುಂಡಿಯಲ್ಲೂ ಅದು ತಳಕ್ಕೆ ಬಡಿದು, ಪೆಟ್ಟು ನೇರ ಮೈಗೆ ಬರುತ್ತಿತ್ತು. ಉಮ್ಮ ಬೈಯಲಿಲ್ಲ, ಕೂಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಕನ್ನಡಿಯಲ್ಲಿ ಅದನ್ನು ನೋಡಿದ ಮಗ ವೇಗವನ್ನು ಇಪ್ಪತ್ತಕ್ಕೆ ಇಳಿಸಿದ. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದರು. ಅವನು ಬದಿಗೂ ಸರಿಯಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಕೊನೆಯ ಏಳು ಹಂಪುಗಳಲ್ಲಿ, ಒಂದೊಂದರಲ್ಲೂ ನಾನು ಮಳೆಯಲ್ಲಿ ಕೆಳಗಿಳಿದು ದಾರಿ ತೋರಿಸಿದೆ. ಮನೆ ತಲುಪುವಾಗ ಇಶಾ ಆಗಿತ್ತು.

ಮರುದಿನ ಎದ್ದು ನೋಡುವಾಗ ಅಂಗಳದಲ್ಲಿ ಕಾರಿಲ್ಲ. ಅಟ್ಟದ ಏಣಿ ಗೋಡೆಗೆ ಒರಗಿತ್ತು, ಗೋಣಿಯೂ ಇರಲಿಲ್ಲ. ನಾನು ಅವನಿಗೆ ಫೋನ್ ಮಾಡಲಿಲ್ಲ. ಅಸರ್ ಹೊತ್ತಿಗೆ ಕಾರು ಬಂತು, ಹಳೆಯ ಎತ್ತರದಲ್ಲಿ. ಅಲೈನ್‌ಮೆಂಟಿನ ಚೀಟಿಯನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ. ಈ ಸಲ ಮರೆತಿರಲಿಲ್ಲ.

ಹದಿನೈದು ದಿನ ಕಳೆದು ತಪಾಸಣೆಗೆ ಹೋಗುವಾಗ ಒಂದೇ ದಿಂಬು ಸಾಕಾಯಿತು. ಬಿ.ಸಿ. ರೋಡ್ ಬರುವಷ್ಟರಲ್ಲಿ ಉಮ್ಮನಿಗೆ ಜೋಂಪು ಹತ್ತಿತ್ತು. ಎಚ್ಚರವಾದಾಗ "ಇದು ಯಾರ ಕಾರು?" ಎಂದು ಕೇಳಿದರು. ಅವನು "ನಮ್ಮದೇ ಅಜ್ಜೀ" ಎಂದ.

ಗಿಡ್ಡ ಸ್ಪ್ರಿಂಗುಗಳು ಈಗ ಅದೇ ಗೋಣಿಯಲ್ಲಿ ಅಟ್ಟದ ಮೇಲಿವೆ. ಮಾರು ಎಂದು ನಾನು ಹೇಳಿಲ್ಲ. ಕಳೆದ ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲೆಂದು ಅವಕ್ಕೆ ಎಣ್ಣೆ ಒರೆಸಿಟ್ಟೆ. ಅದು ಮಗನಿಗೆ ಗೊತ್ತಿಲ್ಲ.