ಸ್ಕ್ರೀನ್ ಹೇಳಿದ್ದು, ಕೋಲು ಹೇಳಿದ್ದು

ಹೆಬ್ಬೆಯಲ್ಲಿ ಮಳೆ ಹಿಡಿಯೋಕೆ ಮುಂಚೆ ನಮ್ಮಜ್ಜಿ ಹಲಸಿನ ಹಪ್ಪಳ ಒತ್ತುತ್ತಿದ್ದರು. ಒತ್ತಿದ್ದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡೋರು. ಬೆಳಕು ಹೆಚ್ಚು ಹಾದುಬಂದ ಕಡೆ ತೆಳು, ಮಬ್ಬಾದ ಕಡೆ ದಪ್ಪ. ದಪ್ಪ ಕಂಡರೆ ಮತ್ತೆ ಒತ್ತೋರು. ಸುಮಾರು ಹತ್ತು ವರ್ಷದಿಂದ ನಾನು ಸಂಬಳ ತಗೊಳ್ತಿರೋದು ಇದೇ ಕೆಲಸಕ್ಕೆ. ಹಪ್ಪಳದ ಬದಲು ಕಾಗದ, ಅಷ್ಟೆ.

ನಾನು ಮೊದಲು ಹೋದ ಕಾಗದದ ಮಿಲ್ಲಿನಲ್ಲಿ 4 ಮೀಟರ್ ಅಗಲದ ಹಾಳೆ ನಿಮಿಷಕ್ಕೆ 600 ಮೀಟರ್ ವೇಗದಲ್ಲಿ ಓಡುತ್ತಿತ್ತು. ಅದರ ಮೇಲೊಂದು ಕೆಳಗೊಂದು ಪೆಟ್ಟಿಗೆ, ಜೋಡಿಯಾಗಿ ಈ ಅಂಚಿನಿಂದ ಆ ಅಂಚಿಗೆ ಓಡಾಡುತ್ತಲೇ ಇರುತ್ತವೆ. ಒಂದರಲ್ಲಿ ಕ್ರಿಪ್ಟಾನ್-85 ಎಂಬ ವಿಕಿರಣಶೀಲ ಅನಿಲ, ಇನ್ನೊಂದರಲ್ಲಿ ಅದು ಹೊರಬಿಡುವ ಬೀಟಾ ಕಣಗಳನ್ನು ಅಳೆಯುವ ಸೆನ್ಸರ್. ನಡುವಿನ ಕಾಗದ ಭಾರವಾದಷ್ಟೂ ದಾಟಿ ಬರುವ ಕಣ ಕಮ್ಮಿ. ಥೇಟ್ ಅಜ್ಜಿಯ ಬಾಗಿಲು!

ಆದರೆ ಒಂದು ಲೆಕ್ಕ ನೋಡಿ. ಪೆಟ್ಟಿಗೆ ಒಂದು ಸಲ ಅಡ್ಡ ದಾಟೋಕೆ 20 ಸೆಕೆಂಡ್. ಅಷ್ಟರಲ್ಲಿ 200 ಮೀಟರ್ ಕಾಗದ, ಅಂದರೆ 800 ಚದರ ಮೀಟರ್ ಮುಂದೆ ಹೋಗಿರುತ್ತೆ. ಸೆನ್ಸರ್ ನೋಡೋದು 1 ಸೆಂಟಿಮೀಟರ್ ಅಗಲದ ಒಂದು ಓರೆ ಗೆರೆಯನ್ನು ಮಾತ್ರ. ಹತ್ತಿರ ಹತ್ತಿರ 2 ಚದರ ಮೀಟರ್. ಮಿಕ್ಕಿದ್ದೆಲ್ಲ ನಮ್ಮ ಸಾಫ್ಟ್‌ವೇರ್‌ನ ಊಹೆ. ಸ್ಕ್ರೀನ್ ಮೇಲೆ ಮಾತ್ರ ಪೂರ್ತಿ ಹಾಳೆಯನ್ನೇ ನೋಡಿದ ಹಾಗೆ ಬಣ್ಣಬಣ್ಣವಾಗಿ ತೋರಿಸ್ತೀವಿ.

ಅಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದರು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ, ನಮ್ಮ ಕಡೆಯವರ ಬಾಯಲ್ಲಿ ಎಂಪಿಎಂ, ಕಾಗದ ಕಲಿತವರು. 1936ರಲ್ಲಿ ಶುರುವಾದ ಆ ಕಾರ್ಖಾನೆ ನಿಂತ ಮೇಲೆ ಇಲ್ಲಿಗೆ ಬಂದಿದ್ದರು. ಕೈಯಲ್ಲಿ ಸದಾ ಒಂದು ಮರದ ಕೋಲು. ಸುತ್ತಿಕೊಳ್ಳುತ್ತಿರುವ ರೀಲಿನ ಮೇಲೆ ಈ ತುದಿಯಿಂದ ಆ ತುದಿವರೆಗೆ ಅದರಿಂದ ಬಡಿದು ಸದ್ದು ಕೇಳೋರು. ನಾನು ತರೀಕೆರೆ ಕಡೆಯವನು ಅಂತ ಗೊತ್ತಾದ ದಿನ ಟೀ ಕುಡಿಸಿದ್ದರು.

ಒಂದು ರಾತ್ರಿ ಪಾಳಿಯಲ್ಲಿ ಬಂದು, “ಕಾಗದ ಹಗುರ ಆಗ್ತಾ ಐತೆ ಸಾರ್” ಅಂದರು.

“ಇಲ್ಲ ಯಜಮಾನ್ರೇ, 48.8 ಗ್ರಾಂ ಸರಿಯಾಗೇ ತೋರಿಸ್ತಿದೆ.”

“ಸದ್ದು ಬೇರೆ ಬರ್ತೈತೆ.”

ನಾನು ಸ್ಕ್ರೀನ್ ಕಡೆ ಕೈ ತೋರಿಸಿದೆ. ಅವರು ಸುಮ್ಮನೆ ಹೋದರು. ಮುಕ್ಕಾಲು ಗಂಟೆಯಲ್ಲಿ ಹಾಳೆ ಹರಿಯಿತು. ಮತ್ತೆ ಏರಿಸಿದರು, ಮತ್ತೆ ಹರಿಯಿತು. ಲ್ಯಾಬಿನಲ್ಲಿ ತುಂಡು ಕತ್ತರಿಸಿ ತೂಗಿದರೆ ಚದರ ಮೀಟರಿಗೆ 46 ಗ್ರಾಂ.

ತಪ್ಪು ನನ್ನದೇ. ಸೆನ್ಸರ್ ಆಗಾಗ ಹಾಳೆಯಿಂದ ಆಚೆ ಬಂದು, ನಡುವೆ ಕಾಗದ ಇಲ್ಲದಾಗ ಎಷ್ಟು ಕಣ ಬರುತ್ತೆ ಅಂತ ನೋಡಿಕೊಳ್ಳಬೇಕು. ಕಿಟಕಿಗೆ ಅಂಟಿದ ಧೂಳಿನ ಲೆಕ್ಕ ಕಳೆಯೋದು ಹಾಗೆ. ಆ ಹೊತ್ತಲ್ಲಿ ಅಳತೆ ನಿಲ್ಲುತ್ತಲ್ಲ ಅಂತ ನಾನು ಗಂಟೆಗೊಮ್ಮೆ ಇದ್ದದ್ದನ್ನು ನಾಲ್ಕು ಗಂಟೆಗೊಮ್ಮೆ ಮಾಡಿದ್ದೆ. ಧೂಳು ಕೂತಿತು. ಸೆನ್ಸರ್ ಧೂಳನ್ನೂ ಕಾಗದ ಅಂತ ತೂಗಿತು. ಭಾರ ಜಾಸ್ತಿಯಾಯ್ತು ಅಂದುಕೊಂಡು ಸಾಫ್ಟ್‌ವೇರ್ ತಾನಾಗೇ ಪಲ್ಪ್ ಕಮ್ಮಿ ಮಾಡುತ್ತಾ ಹೋಯಿತು. ಸ್ಕ್ರೀನ್ ಮೇಲೆ ಮಾತ್ರ ಕೊನೇವರೆಗೂ 48.8.

ಬೆಳಿಗ್ಗೆ ಕ್ಷಮೆ ಕೇಳೋಕೆ ಹೋದೆ. “ಬುಡಿ ಸಾರ್, ಎಂಪಿಎಂನಾಗೆ ನಾವೂ ಇಂಥವು ಬೇಕಾದಷ್ಟು ಮಾಡೀವಿ” ಅಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಬಡಿದೆ. ನನಗೆ ಎಲ್ಲ ಕಡೆಯೂ ಒಂದೇ ಸದ್ದು ಕೇಳಿಸಿತು.

ಗಂಟೆಗೊಮ್ಮೆ ಅನ್ನೋದನ್ನು ವಾಪಸ್ ತಂದೆ. ಜೊತೆಗೆ ಸ್ಕ್ರೀನಿನ ಮೂಲೆಯಲ್ಲಿ ‘ಸಂಶಯ’ ಅಂತ ಒಂದು ಬಟನ್ ಇಟ್ಟೆ. ಯಾರು ಒತ್ತಿದರೂ, ಯಾಕೆ ಅಂತ ಕೇಳದೆ, ಸೆನ್ಸರ್ ಆಚೆ ಬಂದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತೆ. ಅವರು ಇರೋವರೆಗೆ ವಾರಕ್ಕೆ ಎರಡು ಮೂರು ಸಲ ಒತ್ತೋರು. ಅರ್ಧಕ್ಕರ್ಧ ಸಲ ಅವರ ಸಂಶಯ ನಿಜವಾಗಿರುತ್ತಿತ್ತು.

ಈಗ ಅವರು ಕೆಲಸ ಬಿಟ್ಟು ಊರಲ್ಲಿದ್ದಾರೆ. ಅವರ ಜಾಗಕ್ಕೆ ಬಂದ ಹುಡುಗರು ಸ್ಕ್ರೀನ್ ಓದೋದರಲ್ಲಿ ಚುರುಕು. ಕಳೆದ ತಿಂಗಳು ಆ ಮಿಲ್ಲಿನ ಲಾಗ್ ತೆಗೆದು ನೋಡಿದೆ. ಬಟನ್ ಇದೆ, ಕೆಲಸಾನೂ ಮಾಡುತ್ತೆ. ಎಂಟು ತಿಂಗಳಿಂದ ಒಬ್ಬರೂ ಒತ್ತಿಲ್ಲ.