ಉರಿಗಾಂನ ಚಕ್ರಗಳು ಕಲಿಸುವ ಪಾಠ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ನಡುವೆ ಸಿಗುವ ನಿಲ್ದಾಣ ಉರಿಗಾಂ. ಈ ದಾರಿಗೆ ರೈಲು ಬಂದದ್ದು 1894ರಲ್ಲಿ, ಚಿನ್ನದ ಗಣಿಗಾಗಿ. ಗಣಿ 2001ರಲ್ಲಿ ಮುಚ್ಚಿತು. ಆದರೆ ಚಕ್ರಗಳ ಬಗ್ಗೆ ಈ ಊರು ಕಲಿಸುವ ಪಾಠ ಹಳೆಯದಾಗಿಲ್ಲ.

ಗಣಿಬಾವಿಯ ಮೇಲೆ ಉಕ್ಕಿನ ಗೋಪುರ, ಅದರ ನೆತ್ತಿಯಲ್ಲಿ ದೊಡ್ಡ ರಾಟೆ. ಅದರ ಮೇಲೆ ಹಾಯ್ದ ಉಕ್ಕಿನ ಹಗ್ಗವೇ ಕಾರ್ಮಿಕರನ್ನು ಪಾತಾಳಕ್ಕೆ ಇಳಿಸುತ್ತಿತ್ತು. ಚಾಂಪಿಯನ್ ರೀಫ್‌ನಲ್ಲಿ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ರಾಟೆಯ ಮೇಲೆ ದಿನವೂ ಬಾಗಿ ನೆಟ್ಟಗಾಗುವ ಹಗ್ಗ ಹೊರನೋಟಕ್ಕೆ ಗಟ್ಟಿಯಾಗಿದ್ದರೂ ಒಳಗೆ ದಣಿಯುತ್ತದೆ. ಆದ್ದರಿಂದಲೇ ಅದರ ತುದಿಯನ್ನು ಕಾಲಕಾಲಕ್ಕೆ ಕತ್ತರಿಸಿ ಪರೀಕ್ಷಿಸುವುದು ಗಣಿಗಳ ಕ್ರಮ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ.

ಈಗ ರಸ್ತೆಗೆ ಬನ್ನಿ. ಕಾರುಗಳಿಗೆ ಹೊಳೆಯುವ ಅಲಾಯ್ ವೀಲ್ ಹಾಕಿಸುವುದು ಯುವಕರಿಗೆ ಇಷ್ಟ. ಅವು ಅಲ್ಯೂಮಿನಿಯಂ ಮಿಶ್ರಲೋಹದವು. ಸಾಮಾನ್ಯವಾಗಿ ಹಗುರ, ನೋಡಲು ಚೆಂದ. ಆದರೆ ಗುಂಡಿಯ ಅಂಚಿಗೆ ಬಡಿದಾಗ ಉಕ್ಕಿನ ಚಕ್ರ ಹೆಚ್ಚಾಗಿ ನೆಗ್ಗುತ್ತದೆ, ಎರಕದ ಅಲಾಯ್ ಸೀಳುವ ಸಂಭವ ಹೆಚ್ಚು. ಕೂದಲೆಳೆಯಂಥ ಬಿರುಕು ಚಕ್ರ ಉರುಳಿದಂತೆಲ್ಲ ಬೆಳೆಯುತ್ತದೆ. ಒಂದು ಮಿತಿಗಿಂತ ಕಡಿಮೆ ಹೊರೆಯನ್ನು ಉಕ್ಕು ಎಷ್ಟು ಸಲವಾದರೂ ತಾಳಬಲ್ಲದು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ.

ರೈಲಿನ ಚಕ್ರ ನುಣುಪಾದ ಹಳಿಯ ಮೇಲೆ ಓಡುತ್ತದೆ. ಕಾರಿನ ಚಕ್ರಕ್ಕೆ ಆಸರೆ ಟೈರಿನೊಳಗಿನ ಗಾಳಿ. ಟೈರಿನ ಬದಿಯಲ್ಲಿ 175/65 R14 ಎಂದಿದ್ದರೆ ಅಗಲ 175 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 65, ಅಂದರೆ ಸುಮಾರು 114 ಮಿ.ಮೀ. ಅದರ ಬದಲು 195/45 R16 ಹಾಕಿಸಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ. ಗೋಡೆ ಮಾತ್ರ 88 ಮಿ.ಮೀ.ಗೆ ಇಳಿಯುತ್ತದೆ. ಲೋಹ ದೊಡ್ಡದಾಯಿತು, ಮೆತ್ತೆ ತೆಳುವಾಯಿತು! ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೇ ತಗಲುತ್ತದೆ. ಗಾಳಿ ಕಡಿಮೆಯಿದ್ದರಂತೂ ಕೇಳುವುದೇ ಬೇಡ.

ಮಗ ದೊಡ್ಡ ಅಲಾಯ್ ಬೇಕೆಂದು ಹಟ ಹಿಡಿದರೆ ತಂದೆತಾಯಿ ಈ ಲೆಕ್ಕವನ್ನು ಅವನಿಂದಲೇ ಮಾಡಿಸಲಿ. ಕಾರಿನ ತಯಾರಕರು ಒಪ್ಪಿದ ಅಳತೆಯನ್ನು ಮೀರದಿರುವುದು ಕ್ಷೇಮ. ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಜೋರಾಗಿ ಗುಂಡಿಗೆ ಬಿದ್ದ ಮೇಲೆ ರಿಮ್ಮಿನ ಒಳಬದಿಯನ್ನೂ ಪರೀಕ್ಷಿಸಿ; ಬಿರುಕು ಅಲ್ಲಿ ಅಡಗಿರಬಹುದು. ಪಂಕ್ಚರ್ ಇಲ್ಲದೆಯೂ ಒಂದೇ ಟೈರಿನ ಗಾಳಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ಅನುಮಾನಿಸಿ. ಬಿರುಕಿಗೆ ವೆಲ್ಡಿಂಗ್ ಮಾಡಿಸಿದರೆ ಆ ಶಾಖಕ್ಕೆ ಸುತ್ತಲಿನ ಲೋಹವೂ ಬಲ ಕಳೆದುಕೊಳ್ಳಬಹುದು. ಚಕ್ರವನ್ನೇ ಬದಲಿಸುವುದು ಒಳ್ಳೆಯದು.

ಹಗ್ಗ ಹರಿಯಲಿ, ಆಮೇಲೆ ನೋಡೋಣ ಎಂದು ಗಣಿಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಕಾರಿನ ಚಕ್ರಕ್ಕೂ ಅದೇ ನಿಯಮ.